ದೋಣಿಯಿಂದ ಹಕ್ಕಿಗೆ ಎಷ್ಟು ದೂರ?

ಬೇಸಿಗೆ ಕಾಲಿಟ್ಟು ಭದ್ರಾ ಜಲಾಶಯದ ನೀರು ಇಳಿಯತೊಡಗಿತೆಂದರೆ ಲಕ್ಕವಳ್ಳಿಯ ಹಿನ್ನೀರಿನ ನಡುವೆ ಅಲ್ಲಲ್ಲಿ ಬೋಳು ದಿಬ್ಬಗಳು ತಲೆಯೆತ್ತುತ್ತವೆ. ಒಂದು ಕಾಲಕ್ಕೆ ಅವು ಗುಡ್ಡದ ನೆತ್ತಿಗಳಾಗಿದ್ದವು. ಅಣೆಕಟ್ಟು ಬಂದ ಮೇಲೆ ವರ್ಷದಲ್ಲಿ ಕೆಲವು ತಿಂಗಳು ಮಾತ್ರ ಕಾಣಿಸಿಕೊಳ್ಳುವ ನಡುಗಡ್ಡೆಗಳಾಗಿವೆ. ಮರವಿಲ್ಲ, ನೆರಳಿಲ್ಲ, ಕಲ್ಲು ಮಣ್ಣು ಬಿಟ್ಟರೆ ಹೆಚ್ಚೇನೂ ಇಲ್ಲ. ಇಂಥ ಜಾಗವನ್ನೇ ಹುಡುಕಿಕೊಂಡು ರೀವ ಹಕ್ಕಿಗಳು ಬರುತ್ತವೆ. ಬೂದು ಮೈ, ಕರಿಯ ಟೋಪಿ, ಅರಿಸಿನ ಬಣ್ಣದ ಕೊಕ್ಕು, ಕವಲೊಡೆದ ಬಾಲ. ಬರಿಯ ನೆಲದಲ್ಲಿ ಸಣ್ಣದೊಂದು ತಗ್ಗು ಮಾಡಿ ಅಲ್ಲೇ ಎರಡೋ ಮೂರೋ ಮೊಟ್ಟೆಯಿಡುತ್ತವೆ. ಮೊಟ್ಟೆಗಳ ಬಣ್ಣ ಸುತ್ತಲಿನ ಕಲ್ಲುಮಣ್ಣಿನದೇ ಆದ್ದರಿಂದ ಕಾಲಡಿಗೆ ಬರುವವರೆಗೂ ಕಣ್ಣಿಗೆ ಬೀಳುವುದಿಲ್ಲ.

ಈ ರೀವಗಳನ್ನು ನೋಡಲು, ಅವುಗಳ ಚಿತ್ರ ತೆಗೆಯಲು ದೂರದೂರದಿಂದ ಜನ ಬರುತ್ತಾರೆ. ದಿಬ್ಬದ ಸುತ್ತ ನೀರಿರುವುದರಿಂದ ದೋಣಿಯಲ್ಲದೆ ಬೇರೆ ದಾರಿಯಿಲ್ಲ. ದೋಣಿ ಹತ್ತಿರವಾಗುತ್ತದೆ. ಒಂದು ಗಳಿಗೆಯಲ್ಲಿ, ಯಾರೋ ಸನ್ನೆ ಮಾಡಿದಂತೆ, ದಿಬ್ಬದ ಮೇಲಿದ್ದ ಹಕ್ಕಿಗಳೆಲ್ಲ ಒಟ್ಟಿಗೆ ಏಳುತ್ತವೆ. ಆಕಾಶದ ತುಂಬ ರೆಕ್ಕೆ, ಕೂಗು. ಕ್ಯಾಮರಾಗಳು ಸದ್ದು ಮಾಡುತ್ತವೆ. ಬಹಳ ಚೆಂದದ ಚಿತ್ರ ಸಿಗುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಅದೇ ಗಳಿಗೆಯಲ್ಲಿ ಕೆಳಗೆ ಕಾದ ಕಲ್ಲಿನ ಮೇಲೆ ಮೊಟ್ಟೆಗಳು ಬಿಸಿಲಿಗೆ ಬಿದ್ದಿರುತ್ತವೆ. ರೀವ ಹಗಲಿನಲ್ಲಿ ಮೊಟ್ಟೆಯ ಮೇಲೆ ಕೂರುವುದು ಕಾವು ಕೊಡಲು ಎಂದು ನಾವು ತಿಳಿಯುತ್ತೇವೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಅದು ಕೂರುವುದು ಕಾವು ತಪ್ಪಿಸಲು. ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿಕೊಂಡು ಬಂದು ಮೊಟ್ಟೆಯನ್ನು ತಂಪು ಮಾಡುವ ಅಭ್ಯಾಸವೂ ಈ ಕುಲದ ಹಕ್ಕಿಗಳಿಗಿದೆ. ಹಾಗಿರುವಾಗ ತಾಯಿ ಹತ್ತು ನಿಮಿಷ ಗಾಳಿಯಲ್ಲಿ ಕೂಗುತ್ತ ಸುತ್ತಬೇಕಾಗಿ ಬಂದರೆ ಏನಾದೀತು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಹಾಗಾದರೆ ದೋಣಿ ಎಷ್ಟು ಹತ್ತಿರ ಹೋಗಬಹುದು? ಈ ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಇನ್ನೊಂದನ್ನು ಕೇಳಿಕೊಳ್ಳಬೇಕು. ದೋಣಿಯನ್ನು ಹಕ್ಕಿ ಅಷ್ಟು ಹತ್ತಿರ ಬಿಟ್ಟುಕೊಳ್ಳುವುದಾದರೂ ಯಾಕೆ?

ಕೆರೆಯ ಏರಿಯ ಮೇಲೆ ನಡೆದು ನೋಡಿದವರಿಗೆ ಗೊತ್ತು: ನಾವು ನಿಂತ ಕೂಡಲೇ ವರಟೆ ಬಾತುಗಳು ಕತ್ತು ನಿಗುರಿಸುತ್ತವೆ, ಇನ್ನು ನಾಲ್ಕು ಹೆಜ್ಜೆ ಇಟ್ಟರೆ ಹಾರುತ್ತವೆ. ಅದೇ ಕೆರೆಯಲ್ಲಿ ಎಮ್ಮೆಗಳು ಇಳಿದು ಮೈ ನೆನೆಸುತ್ತಿದ್ದರೆ ಬೆಳ್ಳಕ್ಕಿ ಅವುಗಳ ಬೆನ್ನಿನ ಮೇಲೆಯೇ ಕೂರುತ್ತದೆ. ಎರಡು ಕಾಲಿನ ಮೇಲೆ ನೆಟ್ಟಗೆ ನಿಂತು, ತಮ್ಮನ್ನೇ ದಿಟ್ಟಿಸಿ, ನೇರವಾಗಿ ತಮ್ಮೆಡೆಗೆ ನಡೆದುಬರುವ ಪ್ರಾಣಿಯನ್ನು ಕಂಡರೆ ನೀರುಹಕ್ಕಿಗಳಿಗೆ ಭಯ. ಆ ಆಕಾರ ಮುರಿದರೆ, ಅಂದರೆ ಕಾಲು ಕಾಣದೆ, ಮೈ ತಗ್ಗಿ, ಚಲನೆ ನಿಧಾನವಾದರೆ, ಭಯದ ಪ್ರಮಾಣ ಇಳಿಯುತ್ತದೆ. ದೋಣಿ ಮಾಡುವುದು ಇಷ್ಟೇ. ಅದು ಮನುಷ್ಯನ ಅರ್ಧವನ್ನು ಮರೆಮಾಡುತ್ತದೆ.

ಈ ಗುಟ್ಟನ್ನು ಕಂಡುಹಿಡಿದವರು ಹಕ್ಕಿಪ್ರೇಮಿಗಳಲ್ಲ, ಹಕ್ಕಿ ಹಿಡಿಯುವವರು. ನಮ್ಮ ದೇಶದ ಕೆರೆಗಳಲ್ಲಿ ಬಾತು ಹಿಡಿಯುವವರ ಹಳೆಯ ಉಪಾಯವೊಂದಿತ್ತು. ಮೊದಲು ಕೆಲವು ಖಾಲಿ ಮಡಕೆಗಳನ್ನು ನೀರಿನ ಮೇಲೆ ತೇಲಿಬಿಡುವುದು. ಬಾತುಗಳು ಮೊದಮೊದಲು ಬೆದರಿ, ಆಮೇಲೆ ಅವು ನಿರಪಾಯವೆಂದು ಸುಮ್ಮನಾಗುತ್ತವೆ. ಆಗ ಬೇಟೆಗಾರ ಕಣ್ಣಿಗೆ ತೂತು ಮಾಡಿದ ಒಂದು ಮಡಕೆಯನ್ನು ತಲೆಗೆ ಕವಿಚಿಕೊಂಡು, ಕತ್ತಿನವರೆಗೆ ನೀರಿನಲ್ಲಿ ಮುಳುಗಿ, ತೇಲುವ ಮಡಕೆಯ ವೇಗದಲ್ಲೇ ಹಿಂಡಿನೊಳಕ್ಕೆ ಹೋಗುತ್ತಾನೆ. ನೀರಿನಡಿಯಿಂದ ಬಾತಿನ ಕಾಲು ಹಿಡಿದು ಸದ್ದಿಲ್ಲದೆ ಎಳೆದುಕೊಳ್ಳುತ್ತಾನೆ. ಪಕ್ಕದ ಬಾತಿಗೂ ಗೊತ್ತಾಗದು. ಕ್ರೂರವೆನ್ನಿ, ಆದರೆ ಹಕ್ಕಿಯ ಮನಸ್ಸನ್ನು ಇಷ್ಟು ಚೆನ್ನಾಗಿ ಓದಿಕೊಂಡವನು ಅಪರೂಪ.

ಈಗ ಜಗತ್ತಿನಾದ್ಯಂತ ಹಕ್ಕಿ ನೋಡುವವರ ಅಚ್ಚುಮೆಚ್ಚಿನ ವಾಹನವಾಗಿರುವ ಕಯಾಕ್ ಕೂಡ ಹುಟ್ಟಿದ್ದು ಬೇಟೆಗಾಗಿಯೇ. ಗ್ರೀನ್‌ಲೆಂಡ್ ಮೊದಲಾದ ಉತ್ತರ ಧ್ರುವದಂಚಿನ ನಾಡುಗಳ ಇನ್ಯುಯಿಟ್ ಜನ ಅದನ್ನು ಕಟ್ಟಿದರು. ಅಲ್ಲಿ ಮರ ಬೆಳೆಯುವುದು ಅಪರೂಪ. ಕಡಲಿನಲ್ಲಿ ತೇಲಿಬಂದ ಮರದ ತುಂಡು, ತಿಮಿಂಗಿಲದ ಎಲುಬು ಜೋಡಿಸಿ ಹಂದರ ಮಾಡಿ, ಮೇಲೆ ಸೀಲ್ ಚರ್ಮ ಹೊಲಿಯುತ್ತಿದ್ದರು. ಒಬ್ಬನೇ ಕಾಲು ಚಾಚಿ ಕೂರಬಹುದಾದ, ಎರಡೂ ತುದಿ ಚೂಪಾದ, ಮೇಲ್ಭಾಗ ಮುಚ್ಚಿದ ದೋಣಿ ಅದು. ಹಕ್ಕಿಗೆಂದೇ ಮಾಡಿದ ಈಟಿಯೊಂದು ಅದರ ಮೇಲೆ ಇರುತ್ತಿತ್ತು. ಈಟಿಯ ತುದಿ ಗುರಿ ತಪ್ಪಿದರೂ ಹಕ್ಕಿ ಸಿಕ್ಕಿಬೀಳಲೆಂದು ಹಿಡಿಕೆಯ ನಡುವೆ ಮೂರು ಮುಳ್ಳುಗಳು ಹೊರಚಾಚಿಕೊಂಡಿರುತ್ತಿದ್ದವು. ಬಂದೂಕು ಬಂದ ಮೇಲೆ ಗ್ರೀನ್‌ಲೆಂಡಿನವರು ಕಯಾಕ್‌ನ ಮೂತಿಗೆ ಬಿಳಿಬಟ್ಟೆಯ ಪರದೆ ಕಟ್ಟತೊಡಗಿದರು. ಸೀಲ್‌ನ ಕಣ್ಣಿಗೆ ಅದೊಂದು ತೇಲುವ ಮಂಜಿನ ಗಡ್ಡೆ! ನಮ್ಮ ಮಡಕೆಯ ಉಪಾಯವೇ, ಬೇರೆ ಸಾಮಗ್ರಿಯಲ್ಲಿ.

ಚರ್ಮದ ದೋಣಿ ನಮ್ಮ ನಾಡಿನಲ್ಲೂ ಇತ್ತು. ತುಂಗಭದ್ರೆಯ ಹರಿಗೋಲು ಬಿದಿರಿನ ಹಂದರಕ್ಕೆ ಚರ್ಮ ಹೊದಿಸಿ ಮಾಡಿದ್ದು. 16ನೇ ಶತಮಾನದಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇಂಥ ಬುಟ್ಟಿದೋಣಿಗಳನ್ನು ಕಂಡು ಬರೆದಿದ್ದಾನೆ. ಆದರೆ ಹರಿಗೋಲು ಹೊಳೆ ದಾಟಿಸುವುದಕ್ಕೆ, ಬಲೆ ಬೀಸುವುದಕ್ಕೆ ಹೇಳಿ ಮಾಡಿಸಿದ್ದು. ಗುಂಡಗಿರುವುದರಿಂದ ಅದಕ್ಕೆ ಮುಂದು ಹಿಂದು ಎಂಬುದಿಲ್ಲ, ಸ್ವಲ್ಪ ಮೈಮರೆತರೆ ತಿರುಗತೊಡಗುತ್ತದೆ. ಹರಿಗೋಲಿನಲ್ಲಿ ಕುಳಿತು ಮಿಂಚುಳ್ಳಿಯ ಚಿತ್ರ ತೆಗೆಯಲು ಹೊರಟವರು ಕ್ಯಾಮರಾ ಎತ್ತುವಷ್ಟರಲ್ಲಿ ಎದುರು ದಡವನ್ನು ನೋಡುತ್ತಿರುತ್ತಾರೆ.

ಇಂಗ್ಲೆಂಡಿನಲ್ಲಿ ದೋಣಿಯ ಬೇಟೆ 19ನೇ ಶತಮಾನದ ಹೊತ್ತಿಗೆ ಭಯಂಕರ ರೂಪ ತಾಳಿತು. ಚಪ್ಪಟೆ ದೋಣಿಯ ಮೂತಿಗೆ ಫಿರಂಗಿಯಂಥ ಬಂದೂಕು ಬಿಗಿದು, ಬೇಟೆಗಾರ ದೋಣಿಯೊಳಗೆ ಬೋರಲು ಮಲಗಿ, ಹಿಂಡಿನ ಸಮೀಪ ಮೆಲ್ಲಗೆ ಸಾಗಿ ಒಂದೇ ಏಟಿಗೆ ಹತ್ತಾರು ಬಾತುಗಳನ್ನು ಉರುಳಿಸುತ್ತಿದ್ದ. ನಮ್ಮಲ್ಲಿ ಬ್ರಿಟಿಷರೂ ರಾಜರೂ ಸೇರಿ ನಡೆಸಿದ ಬೇಟೆಗಳ ಲೆಕ್ಕ ಇನ್ನೂ ದೊಡ್ಡದು. ಭರತಪುರದ ಕೇವಲಾದೇವ ಜೌಗಿನಲ್ಲಿ 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್‌ಗೋ ಅವರ ಗೌರವಾರ್ಥ ನಡೆದ ಬೇಟೆಯಲ್ಲಿ ಒಂದೇ ದಿನ 4,273 ಹಕ್ಕಿಗಳು ಸತ್ತವು. ಈ ಅಂಕಿಯನ್ನು ಕಲ್ಲಿನಲ್ಲಿ ಕೆತ್ತಿಸಿ ನಿಲ್ಲಿಸಿದ್ದಾರೆ. ಹೆಮ್ಮೆಯಿಂದ ಕೆತ್ತಿಸಿದ್ದು, ಈಗ ಓದುವವರು ಬೇರೆ ಭಾವದಿಂದ ಓದುತ್ತಾರೆ. ಅಲ್ಲಿ ಮಹಾರಾಜರ ಬೇಟೆಯ ಹಕ್ಕು 1972ರವರೆಗೂ ಉಳಿದಿತ್ತು.

ಬಂದೂಕಿನ ಜಾಗದಲ್ಲಿ ಕ್ಯಾಮರಾ ಬಂದ ಕಥೆಯನ್ನು ಹೇಳುವಾಗ ಜಾರ್ಜ್ ಶೈರಾಸ್ ಎಂಬ ಅಮೆರಿಕನ್ ವಕೀಲನನ್ನು ಬಿಡುವಂತಿಲ್ಲ. 1859ರಲ್ಲಿ ಹುಟ್ಟಿದ ಈತ ಪೆನ್ಸಿಲ್ವೇನಿಯದವನು. ಹುಡುಗನಾಗಿದ್ದಾಗಿನಿಂದ ಮಿಷಿಗನ್ ರಾಜ್ಯದ ವೈಟ್‌ಫಿಶ್ ಸರೋವರದಲ್ಲಿ ಜಿಂಕೆ ಬೇಟೆಯಾಡುತ್ತಿದ್ದ. ಅಲ್ಲಿನ ಮೂಲನಿವಾಸಿಗಳಾದ ಒಜಿಬ್ವೆ ಜನರಿಗೆ ಒಂದು ವಿದ್ಯೆ ಗೊತ್ತಿತ್ತು. ಕತ್ತಲಲ್ಲಿ ದೋಣಿಯ ಮೂತಿಯಲ್ಲಿ ಬೆಂಕಿ ಉರಿಸಿಕೊಂಡು ಸದ್ದಿಲ್ಲದೆ ದಡದ ಗುಂಟ ಸಾಗುವುದು. ನೀರು ಕುಡಿಯಲು ಬಂದ ಜಿಂಕೆ ಬೆಳಕನ್ನೇ ನೋಡುತ್ತ ನಿಲ್ಲುತ್ತದೆ. ಅದರ ಕಣ್ಣೆರಡೂ ಕತ್ತಲಲ್ಲಿ ಹೊಳೆಯುತ್ತವೆ. ಬೆಂಕಿಯ ಹಿಂದೆ ಕುಳಿತವನು ಅದಕ್ಕೆ ಕಾಣುವುದಿಲ್ಲ. ಆ ಹೊಳಪಿನ ನಡುವೆ ಗುರಿಯಿಟ್ಟರೆ ಮುಗಿಯಿತು.

ಶೈರಾಸ್ ಇದೇ ವಿದ್ಯೆಯನ್ನು ಇಟ್ಟುಕೊಂಡು ಬಂದೂಕನ್ನು ಮಾತ್ರ ಬಿಟ್ಟ. ಬೆಂಕಿಯ ಬದಲು ಸೀಮೆಎಣ್ಣೆಯ ದೀಪ, ಬಂದೂಕಿನ ಬದಲು ಕ್ಯಾಮರಾ, ಜತೆಗೆ ಮೆಗ್ನೀಸಿಯಂ ಪುಡಿ ಸಿಡಿಸಿ ಮಿಂಚು ಹಾರಿಸುವ ಸಾಧನ. ಈಗಿನ ಫ್ಲ್ಯಾಶ್‌ನಂತೆ ಅದು ಸಾಧುವಾದದ್ದಲ್ಲ; ಸಿಡಿಮದ್ದಿನ ಜಾತಿಯದು, ಕೈ ಮುಖ ಸುಟ್ಟುಕೊಳ್ಳುವ ಅಪಾಯ ಸದಾ ಇತ್ತು. ಅವನ ಚಿತ್ರಗಳಲ್ಲಿ ಕಪ್ಪು ನೀರಿನಂಚಿನಲ್ಲಿ ಬೆಳ್ಳಗೆ ಬೆಳಗಿದ ಜಿಂಕೆಗಳು ಬೆಚ್ಚಿ ನಿಂತಿರುವುದನ್ನು ಇಂದಿಗೂ ನೋಡಬಹುದು. 1906ರ ಜುಲೈ ತಿಂಗಳಲ್ಲಿ ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆ ಒಂದೇ ಸಂಚಿಕೆಯಲ್ಲಿ ಅವನ 74 ಚಿತ್ರಗಳನ್ನು ಅಚ್ಚುಹಾಕಿತು. ಗಂಭೀರ ಭೂಗೋಳ ಪತ್ರಿಕೆಯನ್ನು ಚಿತ್ರದ ಪುಸ್ತಕ ಮಾಡಿಬಿಟ್ಟರೆಂದು ಮುನಿದು ಆಡಳಿತ ಮಂಡಲಿಯ ಇಬ್ಬರು ರಾಜೀನಾಮೆ ಕೊಟ್ಟರಂತೆ. ಇದಕ್ಕಿಂತ ದೊಡ್ಡ ಸಂಗತಿ ಬೇರೊಂದಿದೆ. ಒಂದು ಅವಧಿಗೆ ಅಮೆರಿಕದ ಸಂಸತ್ತಿನ ಸದಸ್ಯನಾಗಿದ್ದ ಶೈರಾಸ್ 1904ರಲ್ಲಿ ವಲಸೆ ಹಕ್ಕಿಗಳ ರಕ್ಷಣೆಯನ್ನು ಕೇಂದ್ರ ಸರ್ಕಾರವೇ ವಹಿಸಿಕೊಳ್ಳಬೇಕೆಂಬ ಮಸೂದೆ ಮಂಡಿಸಿದ. ಅದು ಆಗ ಪಾಸಾಗಲಿಲ್ಲ. ಆದರೆ 1913ರ ಕಾಯಿದೆಗೂ 1918ರಲ್ಲಿ ಬಂದ ವಲಸೆ ಹಕ್ಕಿ ಒಪ್ಪಂದದ ಕಾಯಿದೆಗೂ ಬೀಜ ಬಿದ್ದದ್ದು ಅಲ್ಲಿ.

ಇಂಗ್ಲೆಂಡಿನಲ್ಲಿ ಈ ಹಾದಿ ಹಿಡಿದವರಲ್ಲಿ ಒಬ್ಬ ಹೆಂಗಸು, ಎಮ್ಮಾ ಟರ್ನರ್, ಮುಖ್ಯಳು. ನಾರ್ಫೋಕ್ ಪ್ರಾಂತ್ಯದ ಹಿಕ್ಲಿಂಗ್ ಎಂಬ ಜೊಂಡು ತುಂಬಿದ ಸರೋವರದಲ್ಲಿ ಮನೆದೋಣಿಯೊಂದನ್ನು ಇಟ್ಟುಕೊಂಡು ವರ್ಷಗಳ ಕಾಲ ಹಕ್ಕಿಗಳ ನಡುವೆ ವಾಸಿಸಿದಳು. ಬಕನ ಬಳಗದ ಬಿಟರ್ನ್ ಎಂಬ ಹಕ್ಕಿ ಬ್ರಿಟನ್ನಿನಲ್ಲಿ ಮರಿ ಮಾಡುವುದನ್ನು ನಿಲ್ಲಿಸಿ ದಶಕಗಳೇ ಕಳೆದಿದ್ದವು. 1911ರಲ್ಲಿ ಟರ್ನರ್ ಜೊಂಡಿನ ನಡುವೆ ಅದರ ಮರಿಯನ್ನು ಪತ್ತೆಮಾಡಿ ಚಿತ್ರ ತೆಗೆದಳು. ಹಕ್ಕಿ ಮರಳಿ ಬಂದಿದೆ ಎಂಬುದಕ್ಕೆ ಗುಂಡು ಹೊಡೆದು ಕೆಡವಿದ ಹೆಣವನ್ನು ಸಾಕ್ಷಿ ಕೊಡುತ್ತಿದ್ದ ಕಾಲದಲ್ಲಿ ಒಂದು ಚಿತ್ರ ಸಾಕ್ಷಿಯಾಯಿತು.

ಸಾಧನ ಬದಲಾಯಿತು, ಸರಿ. ದೋಣಿ ಬದಲಾಗಲಿಲ್ಲ, ಹಕ್ಕಿಯ ಸಮೀಪ ಹೋಗುವ ಕ್ರಮವೂ ಬದಲಾಗಲಿಲ್ಲ. ಇಂದು ಕಯಾಕ್‌ನಲ್ಲಿ ಕುಳಿತು ಚಿತ್ರ ತೆಗೆಯುವವನು ಮಾಡುವುದೆಲ್ಲ ಬೇಟೆಗಾರನಿಂದ ಕಲಿತದ್ದು. ಹಕ್ಕಿಯ ಕಡೆಗೆ ನೇರ ಹೋಗದೆ ಓರೆಯಾಗಿ, ಬೇರೆಲ್ಲಿಗೋ ಹೋಗುವವನಂತೆ ಸಾಗುವುದು. ಹುಟ್ಟನ್ನು ಎತ್ತಿ ಬೀಸದೆ, ನೀರಿನ ಮಟ್ಟದಲ್ಲೇ ಆಡಿಸುವುದು. ಒದ್ದೆ ಹುಟ್ಟು ಬಿಸಿಲಿಗೆ ಮಿಂಚಿದರೆ ಅರ್ಧ ಮೈಲಿ ಆಚೆಯ ಹಕ್ಕಿಗೂ ಸುದ್ದಿ ಮುಟ್ಟುತ್ತದೆ. ಹುಟ್ಟು ಹಿಡಿದ ಕೈಯಲ್ಲಿ ಕ್ಯಾಮರಾ ಹಿಡಿಯಲಾಗದು. ಆದ್ದರಿಂದ ಗಾಳಿ ಬೀಸುವ ಕಡೆಯಿಂದ ಹೊರಟು, ಸಾಕಷ್ಟು ದೂರದಲ್ಲೇ ಹುಟ್ಟನ್ನು ಮಡಿಲಿಗೆ ಹಾಕಿಕೊಂಡು, ದೋಣಿಯನ್ನು ಗಾಳಿಯ ಪಾಲಿಗೆ ಬಿಡುತ್ತಾರೆ. ನೀರಿನ ಮೇಲಿನ ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆ ಮುಖಮಾಡಿ ಕೂರುವುದರಿಂದ ಎದುರುಮುಖದ ಚಿತ್ರ ಸಿಗುತ್ತದೆ. ಇದರಲ್ಲೊಂದು ಕಿರುಕುಳವೂ ಅಡಗಿದೆ. ಹಕ್ಕಿ ಮೇಲೇಳುವುದೂ ಗಾಳಿಗೆ ಎದುರಾಗಿಯೇ. ಅಂದರೆ ಹೆದರಿದ ಹಕ್ಕಿ ದೋಣಿಯ ಕಡೆಗೇ ಏಳಬೇಕಾದ ಇಕ್ಕಟ್ಟು.

ಇಷ್ಟೆಲ್ಲ ಪಾಡು ಯಾಕೆ ಎಂದರೆ ಚಿತ್ರವನ್ನು ನೋಡಬೇಕು. ದಡದ ಮೇಲಿಂದ ಕೆಳಮುಖವಾಗಿ ತೆಗೆದರೆ ಹಕ್ಕಿಯ ಬೆನ್ನು, ಅದರ ಹಿಂದೆ ಬರಿಯ ನೀರು. ಕಯಾಕ್‌ನಲ್ಲಿ ಕುಳಿತವನ ಕಣ್ಣು ನೀರಿನಿಂದ ಎರಡು ಮೂರು ಅಡಿ ಮಾತ್ರ ಮೇಲಿರುತ್ತದೆ. ಗುಳುಮುಳುಕ ಹಕ್ಕಿ ನಮ್ಮ ಸಮಕ್ಕೆ ಬಂದು ಕಣ್ಣಿಗೆ ಕಣ್ಣಿಟ್ಟು ನೋಡುತ್ತದೆ. ದೂರದ ದಡ ಕರಗಿ ಒಂದು ಬಣ್ಣವಾಗುತ್ತದೆ. ದೋಣಿ ಅಲುಗುವುದರಿಂದ ಟ್ರೈಪಾಡ್ ಇಲ್ಲಿ ಕೆಲಸಕ್ಕೆ ಬಾರದು. ಲೆನ್ಸನ್ನು ಕೈಯಲ್ಲೇ ಹಿಡಿದು, ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತ ಚುರುಕಾಗಿ ಷಟರ್ ಇಟ್ಟುಕೊಳ್ಳುವುದು ವಾಡಿಕೆ. ಸಲಕರಣೆಯ ವಿಷಯ ಇಷ್ಟು ಸಾಕು. ಅದನ್ನು ಅಂಗಡಿಯವರು ಇನ್ನೂ ಚೆನ್ನಾಗಿ ಹೇಳುತ್ತಾರೆ.

ಅಂಗಡಿಯಲ್ಲಿ ಸಿಗದ್ದು ಹಕ್ಕಿಯ ಮೈಭಾಷೆ. ಹಾರುವುದು ಅದರ ಕೊನೆಯ ಮಾತು. ಅದಕ್ಕೂ ಮೊದಲು ಅದು ಹಲವು ಸಲ ಹೇಳಿರುತ್ತದೆ. ಮೇಯುವುದನ್ನು ನಿಲ್ಲಿಸಿ ಕತ್ತು ಎತ್ತುವುದು ಮೊದಲ ಮಾತು. ಹಿಂಡಿನ ಹಕ್ಕಿಗಳೆಲ್ಲ ಒಂದೇ ದಿಕ್ಕಿಗೆ ತಿರುಗಿ ನಿಧಾನ ಈಜತೊಡಗುವುದು ಎರಡನೆಯದು. ಗುಳುಮುಳುಕ ಹಾರುವ ಗೋಜಿಗೆ ಹೋಗದೆ ಮುಳುಗಿ ಬೇರೆಡೆ ಏಳುತ್ತದೆ. ನಾಮದ ಕೋಳಿಗೆ ನಿಂತಲ್ಲಿಂದ ನೆಗೆಯಲು ಬಾರದು. ನೀರಿನ ಮೇಲೆ ಪಟಪಟನೆ ಓಡಿ ಓಡಿ ಮೇಲೇಳಬೇಕು. ನೀರುಕಾಗೆಯದೂ ಹೆಚ್ಚುಕಡಿಮೆ ಅದೇ ಪಾಡು. ಓಡಿ ಏಳುವ ಹಕ್ಕಿಗೆ ಪ್ರತಿ ಸಲವೂ ಖರ್ಚು ಹೆಚ್ಚು. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಮಂಗೋಲಿಯಾದಂಥ ದೂರದಿಂದ ಬರುವ ಪಟ್ಟೆತಲೆ ಹೆಬ್ಬಾತುಗಳು ಹಗಲು ಹೊತ್ತು ನೀರಿನ ಮೇಲೆ ಸುಮ್ಮನೆ ಕುಳಿತಿರುವುದನ್ನು ನೋಡಿ ಸೋಮಾರಿಗಳೆಂದುಕೊಂಡೀರಿ. ಆ ಸುಮ್ಮನಿರುವಿಕೆಯೇ ಅವುಗಳ ಸಂಪಾದನೆ. ಹಿಂದಿರುಗುವಾಗ ಹಿಮಾಲಯ ದಾಟಬೇಕು.

ಮೋಟಾರು ಇಲ್ಲದ ದೋಣಿ ಹಕ್ಕಿಗೆ ನಿರುಪದ್ರವಿ ಎಂದು ಹಲವರು ನಂಬುತ್ತಾರೆ. ನಾನೂ ನಂಬಿದ್ದೆ. ಇದು ಅರ್ಧಸತ್ಯ. ಮೋಟಾರಿನ ದೋಣಿ ಸದ್ದು ಮಾಡುತ್ತ ಆಳದ ನೀರಿನಲ್ಲಿ ತನ್ನ ದಾರಿಯಲ್ಲಿ ಹೋಗುತ್ತದೆ; ಹಕ್ಕಿಗೆ ದೂರದಿಂದಲೇ ಸೂಚನೆ ಸಿಗುತ್ತದೆ. ಕಯಾಕ್ ಗೇಣುದ್ದ ನೀರಿನಲ್ಲೂ ತೇಲಬಲ್ಲದು. ಹಾಗಾಗಿ ಜೊಂಡಿನ ಒಳಕ್ಕೆ, ದೇವನಕ್ಕಿ ತಾವರೆ ಎಲೆಯ ಮೇಲೆ ಮೊಟ್ಟೆಯಿಟ್ಟ ಜಾಗಕ್ಕೆ, ಬೇರೆ ಯಾವ ದೋಣಿಯೂ ಬಾರದೆಂದು ಹಕ್ಕಿ ಆರಿಸಿಕೊಂಡ ಮೂಲೆಗೇ ಅದು ಹೋಗುತ್ತದೆ. ಸದ್ದಿಲ್ಲದೆ ಹೋಗುವುದರಿಂದ ತೀರ ಹತ್ತಿರದಲ್ಲಿ ಒಮ್ಮೆಲೇ ಪ್ರತ್ಯಕ್ಷವಾಗುತ್ತದೆ. ಬೇಟೆಗೆಂದು ಕಟ್ಟಿದ ದೋಣಿಯಲ್ಲವೇ? ಉಡುಪಿ ಜಿಲ್ಲೆಯ ಸಾಲಿಗ್ರಾಮದ ಬಳಿ ಹಿನ್ನೀರಿನ ಕಾಂಡ್ಲಾ ಕಾಡಿನ ನಡುವೆ ಈಗ ಕಯಾಕ್‌ಗಳು ಓಡಾಡುತ್ತಿವೆ. ಈ ಹವ್ಯಾಸ ನಮ್ಮ ಕೆರೆ ಜಲಾಶಯಗಳಿಗೂ ಬರುತ್ತಿರುವುದರಿಂದ ಈ ಮಾತನ್ನು ಈಗಲೇ ಆಡಿಕೊಳ್ಳುವುದು ಒಳ್ಳೆಯದು.

ಕಯಾಕ್ ಎಂಬ ಹೆಸರು ಕೇಳುವ ಎಷ್ಟೋ ಮೊದಲೇ ಕನ್ನಡಿಗರಿಗೆ ದೋಣಿಯಿಂದ ಹಕ್ಕಿ ನೋಡುವುದನ್ನು ಕಲಿಸಿದ್ದು ರಂಗನತಿಟ್ಟು. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಕಟ್ಟಿಸಿದ ಒಡ್ಡಿನಿಂದ ಅಲ್ಲಿನ ತಿಟ್ಟುಗಳು ರೂಪುಗೊಂಡವು ಎನ್ನುತ್ತಾರೆ. ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದಿದ್ದ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಅದು ಪಕ್ಷಿಧಾಮವಾಯಿತು. 2022ರಲ್ಲಿ ರಾಮ್ಸಾರ್ ಪಟ್ಟಿಗೂ ಸೇರಿತು. ಅಲ್ಲಿ ಯಾರೂ ಸ್ವಂತ ದೋಣಿ ಒಯ್ಯುವಂತಿಲ್ಲ. ಬಂಡೆಗಳ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಗಳನ್ನು ನೋಡಿದರೆ ಯಾರಿಗೂ ಆ ಆಸೆ ಹುಟ್ಟಲಾರದು. ಹುಟ್ಟು ಹಾಕುವ ಅಂಬಿಗನೇ ಗುರು. ಬಣ್ಣದ ಕೊಕ್ಕರೆ, ಬಾಯಿಕಳಕ, ಚಮಚದ ಕೊಕ್ಕು, ಹೆಜ್ಜಾರ್ಲೆ ಎಂದು ಹೆಸರು ಹೇಳುತ್ತ ಹೋಗುತ್ತಾನೆ. ಬೇಸಿಗೆಯ ನಡುಹಗಲಿನಲ್ಲಿ ಬಣ್ಣದ ಕೊಕ್ಕರೆ ಗೂಡಿನ ಮೇಲೆ ಸೂರ್ಯನಿಗೆ ಬೆನ್ನು ಮಾಡಿ ನಿಂತು ಎರಡೂ ರೆಕ್ಕೆಯನ್ನು ಕೊಡೆಯಂತೆ ಬಿಚ್ಚಿ ಹಿಡಿದಿರುತ್ತದೆ. ಅದರ ನೆರಳಿನಲ್ಲಿ ಮರಿಗಳು. ಹಾರಿಹೋದರೆ ಕೊಡೆ ಹೋದಂತೆಯೇ. ಒಮ್ಮೆ ನಮ್ಮ ಜತೆ ಕುಳಿತಿದ್ದ ಒಬ್ಬರು, ಹಕ್ಕಿ ರೆಕ್ಕೆ ಬಡಿಯುವ ಚಿತ್ರ ಬೇಕೆಂದು ಚಪ್ಪಾಳೆ ತಟ್ಟಿದರು. ಅಂಬಿಗ ಬೈಯಲಿಲ್ಲ. ಹುಟ್ಟನ್ನು ಒಂದು ಸಲ ಹಿಂದಕ್ಕೆ ಒತ್ತಿ ದೋಣಿಯನ್ನು ತಿರುಗಿಸಿಬಿಟ್ಟ. ‘ಯಾಕಪ್ಪಾ, ಇನ್ನೂ ಟೈಮಿದೆಯಲ್ಲ’ ಎಂದರು ಅವರು. ‘ನಿಮಗಿದೆ ಸಾರ್, ಅದಕ್ಕಿಲ್ಲ’ ಎಂದ.

ಹಕ್ಕಿ ಎಷ್ಟು ದೂರ ಸಹಿಸುತ್ತದೆ ಎಂಬ ಲೆಕ್ಕ ಇಂಥವರ ಕೈಯಲ್ಲಿದೆ. ಒಡಿಶಾದ ಚಿಲಿಕಾ ಸರೋವರದ ಅಂಚಿನ ಮಂಗಳಾಜೋಡಿ ಇದಕ್ಕೆ ಇನ್ನೂ ಬಲವಾದ ನಿದರ್ಶನ. ಚಳಿಗಾಲದಲ್ಲಿ ಲಕ್ಷಗಟ್ಟಲೆ ವಲಸೆ ಹಕ್ಕಿಗಳು ಇಳಿಯುವ ಸರೋವರ ಅದು. ಮಂಗಳಾಜೋಡಿಯ ಹಲವು ಕುಟುಂಬಗಳಿಗೆ ಹಕ್ಕಿ ಬೇಟೆಯೇ ಕಸುಬಾಗಿತ್ತು. ವಿಷ ಇಟ್ಟು, ಬಲೆ ಒಡ್ಡಿ, ಬಂದೂಕು ಹಾರಿಸಿ ಹಿಡಿದ ಹಕ್ಕಿ ಪೇಟೆಗೆ ಹೋಗುತ್ತಿತ್ತು. 2000ದ ಹೊತ್ತಿಗೆ ಊರಿನವರೇ ಮಹಾವೀರ ಪಕ್ಷಿ ಸುರಕ್ಷಾ ಸಮಿತಿ ಕಟ್ಟಿಕೊಂಡು ಬೇಟೆ ಬಿಟ್ಟರು. ಹಾಗೆ ಬಿಟ್ಟವರು ಈಗ ಉದ್ದನೆಯ ಮರದ ದೋಣಿಯಲ್ಲಿ ಗಳು ಊರುತ್ತ ಪ್ರವಾಸಿಗರನ್ನು ಜೊಂಡಿನ ಕಾಲುವೆಗಳಲ್ಲಿ ಕರೆದೊಯ್ಯುತ್ತಾರೆ. ಹಿಂಡು ಎಲ್ಲಿ ಕೂತಿದೆ, ಯಾವ ಹೊತ್ತಿಗೆ ಕದಲುತ್ತದೆ, ಎಲ್ಲಿಗೆ ಹೋದರೆ ಏಳುತ್ತದೆ ಎಂಬುದನ್ನು ಅವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಿಂದೆ ಆ ಗೆರೆಯನ್ನು ದಾಟಿ ಗುರಿಯಿಡುತ್ತಿದ್ದರು, ಈಗ ಅದರ ಈಚೆಗೆ ಗಳು ಊರಿ ದೋಣಿ ನಿಲ್ಲಿಸುತ್ತಾರೆ. ಕಪ್ಪುಬಾಲದ ಗಾಡ್ವಿಟ್ ಹಕ್ಕಿಗಳು ದೋಣಿಯ ಪಕ್ಕದಲ್ಲೇ ಕೆಸರಿಗೆ ಕೊಕ್ಕು ಚುಚ್ಚುತ್ತ ಮೇಯುವುದನ್ನು ಅಲ್ಲಿ ಸಾಧಾರಣ ಲೆನ್ಸಿನಿಂದಲೂ ಹಿಡಿಯಬಹುದು. ಕ್ಯಾಮರಾ ಇಲ್ಲದಿದ್ದರೂ ನಷ್ಟವಿಲ್ಲ.

ಆ ಗೆರೆ ಎಲ್ಲಿದೆ ಎಂಬುದಕ್ಕೆ ಇಷ್ಟೇ ಅಡಿ, ಇಷ್ಟೇ ಮೀಟರ್ ಎಂಬ ಒಂದು ಅಳತೆ ಇಲ್ಲ. ಹಕ್ಕಿಯ ಜಾತಿಯ ಮೇಲೆ, ಹಿಂಡಿನ ಗಾತ್ರದ ಮೇಲೆ, ಅದು ಮೇಯುತ್ತಿದೆಯೋ ಮೊಟ್ಟೆಯ ಮೇಲಿದೆಯೋ ಎಂಬುದರ ಮೇಲೆ, ಹಿಂದಿನ ದಿನ ಅಲ್ಲಿಗೆ ಎಷ್ಟು ದೋಣಿಗಳು ಬಂದಿದ್ದವು ಎಂಬುದರ ಮೇಲೂ ಅದು ಸರಿಯುತ್ತಿರುತ್ತದೆ. ಭದ್ರಾ ಹಿನ್ನೀರಿನ ದಿಬ್ಬದ ಬಳಿ ದೋಣಿಯ ವೇಗ ತಗ್ಗಿದಾಗ ಅಂಚಿನಲ್ಲಿ ಕುಳಿತ ಒಂದೆರಡು ರೀವಗಳು ಮಾತ್ರ ಎದ್ದು, ದೋಣಿಯ ನೆತ್ತಿಯ ಮೇಲೆ ಬಂದು, ಕರ್ಕಶವಾಗಿ ಕೂಗಿ ಒಂದು ಸುತ್ತು ಹಾಕುತ್ತವೆ. ಉಳಿದವು ಇನ್ನೂ ಕುಳಿತೇ ಇರುತ್ತವೆ, ಕೊಕ್ಕು ತುಸು ತೆರೆದು, ಬಿಸಿಲಿಗೆ ಏದುತ್ತ. ಅಲ್ಲಿಂದ ನಾಲ್ಕು ಮಾರು ಹಿಂದೆ ಸರಿದು ನಿಂತರೆ, ಎದ್ದ ಹಕ್ಕಿ ಗಾಳಿಗೆ ಎದುರಾಗಿ ಇಳಿದು, ಕಾಲೂರಿ, ಹೊಟ್ಟೆಯ ಗರಿ ಕೊಡವಿ, ಮೊಟ್ಟೆಗಳನ್ನು ಕೊಕ್ಕಿನಿಂದ ಒಂದಿಷ್ಟು ಸರಿಪಡಿಸಿಕೊಂಡು ಮತ್ತೆ ಕೂರುವುದನ್ನು ನೋಡಬಹುದು.